ಹುಳು ದಾಟುವವರೆಗೆ

ಭೂಮಿತಾಯೇ, ಇವತ್ತು ಬೆಳಗ್ಗೆ ತೋಟದ ಬೇಲಿಯ ಬಳಿ ದೊಡ್ಡ ಚಿಟ್ಟೆಯೊಂದು ತೇಲಿ ಬಂತು. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಅಪ್ಪಟ ಬಂಗಾರ. ಬಿಚ್ಚಿದರೆ ಗೇಣಿಗೆ ತುಸು ಕಡಿಮೆ. ನಮ್ಮ ನಾಡು ರಾಜ್ಯಚಿಟ್ಟೆಯೆಂದು ಆರಿಸಿಕೊಂಡದ್ದು ಇದನ್ನೇ. ಕೈಯ ಕೆಲಸ ಬಿಟ್ಟು, ಅದು ಮರೆಯಾಗುವ ತನಕ ಕತ್ತೆತ್ತಿ ನಿಂತೆ. ತಲೆ ತಗ್ಗಿಸಿದಾಗ ಕಾಲ ಬಳಿ ಸಗಣಿ ಹುಳುವೊಂದು ತಲೆ ಕೆಳಗಾಗಿ, ಹಿಂಗಾಲಿನಲ್ಲಿ ಉಂಡೆ ತಳ್ಳುತ್ತಿತ್ತು. ಥೂ ಎಂದು ಸರಿದೆ. ಆ ‘ಥೂ’ವನ್ನು ನಿನ್ನ ಮುಂದೆ ಇಡಲು ಬಂದಿದ್ದೇನೆ.

ಚಿಟ್ಟೆಯ ಮರಿಗೆ ಈಶ್ವರಿ ಬಳ್ಳಿಯ ಎಲೆ ಉಣಿಸಿ, ಆ ಎಲೆಯ ವಿಷವನ್ನೇ ಅದರ ಮೈಗಾವಲು ಮಾಡಿದವಳು ನೀನು. ಹುಳುವಿಗೆ ಏನು ಕೊಟ್ಟೆಯೆಂದು ನಾನು ಕೇಳಿದ್ದೇ ಇಲ್ಲ. ಆಕಾಶಗಂಗೆಯನ್ನು ಕೊಟ್ಟಿದ್ದೀಯಂತೆ! ದಕ್ಷಿಣ ಆಫ್ರಿಕದ ಒಂದು ಜಾತಿಯ ಹುಳು, ಚಂದ್ರನಿಲ್ಲದ ರಾತ್ರಿ ಆ ಬೆಳಕಿನ ಪಟ್ಟಿಯನ್ನು ನೋಡಿಕೊಂಡು ಉಂಡೆಯನ್ನು ನೆಟ್ಟಗೆ ಉರುಳಿಸುತ್ತದೆ. ಕಣ್ಣಿಗೆ ಆಕಾಶ ಕಾಣದಂತೆ ಪುಟ್ಟ ಟೋಪಿ ತೊಡಿಸಿದರೆ ದಾರಿ ತಪ್ಪಿ ಸುತ್ತುತ್ತದೆ. 2013ರಲ್ಲಿ ವಿಜ್ಞಾನಿಗಳು ಬರೆದದ್ದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸಗಣಿ ಬಿಟ್ಟು ಬೇರೇನೂ ಅರಿಯದು ಎಂದುಕೊಂಡಿದ್ದ ಜೀವ ಅದು, ತಾಯೇ. ನಾನು ಆಕಾಶಗಂಗೆ ನೋಡಿ ಎಷ್ಟು ವರ್ಷವಾಯಿತು?

ಚಿಟ್ಟೆಗಳಿಗೂ ಸಗಣಿಯ ಬಗ್ಗೆ ಹೇಸಿಗೆಯಿಲ್ಲ. ನವಾಬ, ರಾಜನೆಂದು ನಾವು ಹೆಸರಿಟ್ಟವೇ ಕಾಡಿನ ಲದ್ದಿಯ ಮೇಲೆ ಕೂತು ಉಪ್ಪಿನಂಶ ಹೀರುತ್ತವೆ. ಹೇಸಿಗೆ ನನ್ನದು ಮಾತ್ರ.

ಸಗಣಿಯನ್ನು ನಿನ್ನ ಒಡಲಿಗೆ ಇಳಿಸುವವರು ಇಲ್ಲದಿದ್ದರೆ ಏನಾಗುತ್ತದೆಂದು ಆಸ್ಟ್ರೇಲಿಯ ಕಂಡಿದೆ. ಅಲ್ಲಿನ ಹುಳುಗಳಿಗೆ ಕಾಂಗರೂ ಹಿಕ್ಕೆ ಗೊತ್ತಿತ್ತು, ಹೊರಗಿನಿಂದ ಬಂದ ದನಗಳ ಸಗಣಿ ಒಗ್ಗಲಿಲ್ಲ. ಹುಲ್ಲುಗಾವಲಿನಲ್ಲಿ ಸಗಣಿ ಒಣಗಿ ಕೂತಿತು, ನೊಣ ಹೆಚ್ಚಿತು. 1960ರ ದಶಕದ ಕೊನೆಯಿಂದ ಬೇರೆ ದೇಶಗಳ ಹುಳುಗಳನ್ನು ತಂದು ಬಿಡಬೇಕಾಯಿತು.

ಇನ್ನೊಂದು ತಪ್ಪು ಒಪ್ಪಿಸಬೇಕು. ಹೋದ ವರ್ಷ ನಮ್ಮ ಹಸುವಿಗೆ ಐವರ್ಮೆಕ್ಟಿನ್ ಎಂಬ ಜಂತಿನ ಮದ್ದು ಹಾಕಿಸಿದೆ. ಅದರ ಅಂಶ ಸಗಣಿಯಲ್ಲಿ ಉಳಿದು, ಅದನ್ನು ತಿಂದು ಬೆಳೆಯುವ ಹುಳುಮರಿಗಳನ್ನು ಕೊಲ್ಲುತ್ತದೆ. ಹಸು ನೆಟ್ಟಗಾಯಿತೆಂದು ಹಿಗ್ಗಿ, ಆ ಸಗಣಿಯನ್ನು ಬಯಲಿಗೆ ಎಸೆದಿದ್ದೆ. ಎಷ್ಟು ಉಂಡೆಗಳು ಮಣ್ಣೊಳಗೆ ಮೊಟ್ಟೆ ಸಮೇತ ಮೌನವಾದವೋ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ. ಮುಂದೆ ಮದ್ದು ಹಾಕಿಸುವ ಮೊದಲು ವೈದ್ಯರನ್ನು ಕೇಳುವಷ್ಟು ನೆನಪನ್ನಾದರೂ ಉಳಿಸು.

ಸಂಜೆಯಾಗುತ್ತಿದೆ. ಕೊಟ್ಟಿಗೆಯ ದಾರಿಯಲ್ಲಿ ಮತ್ತೊಂದು ಹುಳು ತನ್ನ ಉಂಡೆಯೊಂದಿಗೆ ಹೊರಟಿದೆ, ನನ್ನ ಕೈಯಲ್ಲಿ ತುಂಬಿದ ಹಾಲಿನ ಚೊಂಬು. ಅದು ಆಚೆ ದಡ ಸೇರುವವರೆಗೆ, ತಾಯೇ, ನನ್ನ ಕಾಲನ್ನು ಹಿಡಿದುಕೋ.