ಸಾಕಿದವರ ಋಣ



ಮನೆಯಲ್ಲಿ ಸಾಕಿದ ಗಂಡು ಮೊಲದ ಬೀಜ ತೆಗೆಸುವುದು ದಯೆಯೋ ಹಿಂಸೆಯೋ? ಪ್ರಶ್ನೆ ಕ್ಷುಲ್ಲಕವೆಂದು ನಗಬೇಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಒಕ್ಕಲುಮಕ್ಕಳಾದ ನಮಗೆ ಇದು ಹೊಸತೂ ಅಲ್ಲ. ಬೀಜ ಒಡೆದ ಹೋರಿಯೇ ಎತ್ತಾಗಿ ನಮ್ಮ ಹೊಲಗಳನ್ನು ತಲೆತಲಾಂತರದಿಂದ ಉತ್ತಿದೆ.

ಹಿಂದೆ ಹೋರಿಯನ್ನು ನೆಲಕ್ಕೆ ಕೆಡವಿ, ಕಾಲು ಕಟ್ಟಿ, ಅರಿವಳಿಕೆಯಿಲ್ಲದೆಯೇ ಬೀಜವನ್ನು ಜಜ್ಜುತ್ತಿದ್ದರು. ಮುಂದೆ ಪಶುವೈದ್ಯರ ಬರ್ಡಿಜೋ ಇಕ್ಕಳ ಬಂದಿತು. ಅದು ಚರ್ಮವನ್ನು ಸೀಳದೆ, ಬೀಜಕ್ಕೆ ಹೋಗುವ ನಾಳಗಳನ್ನು ಒಳಗೇ ಅದುಮಿ ನಜ್ಜುಗೊಳಿಸುತ್ತದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಪ್ರಕರಣವು, ಗೊತ್ತುಪಡಿಸಿದ ರೀತಿಯಲ್ಲಿ ಮಾಡಿದ ಬೀಜಹರಣವನ್ನು ಹಿಂಸೆಯೆಂದು ಎಣಿಸುವುದಿಲ್ಲ. ಆದರೆ ಕಾಯಿದೆ ಕ್ಷಮಿಸಿದ ಮಾತ್ರಕ್ಕೆ ಆತ್ಮಸಾಕ್ಷಿಯೂ ಕ್ಷಮಿಸಬೇಕೆಂದಿಲ್ಲ. ಎತ್ತಿನ ಪೌರುಷವನ್ನು ನಾವು ತೆಗೆದುಕೊಂಡದ್ದು ನಮ್ಮ ಹೊಟ್ಟೆಗಾಗಿ. ಅದನ್ನು ದಯೆಯೆಂದು ಯಾವ ರೈತನೂ ಕರೆಯಲಿಲ್ಲ. ಕಾರಹುಣ್ಣಿಮೆಯಂದು ಕೊಂಬಿಗೆ ಬಣ್ಣ ಬಳಿದು ಕೈಮುಗಿಯುವಾಗ ಅವನು ಆ ಸಾಲವನ್ನು ಒಪ್ಪಿಕೊಳ್ಳುತ್ತಾನೆ.

ಇನ್ನು ಮೊಲದ ಮಾತು. ನಾಲ್ಕಾರು ತಿಂಗಳು ತುಂಬಿದ ಗಂಡು ಮೊಲ ಕಂಡಕಂಡಲ್ಲಿ ಮೂತ್ರ ಚಿಮ್ಮಿಸುತ್ತದೆ, ಮೈಮೇಲೆ ಏರಲು ಬರುತ್ತದೆ, ಕಚ್ಚುತ್ತದೆ. ಇನ್ನೊಂದು ಗಂಡನ್ನು ಕಂಡರೆ ರಕ್ತ ಹರಿಯುವಂತೆ ಕಾದಾಡುತ್ತದೆ. ಇದು ಅದರ ದೇಹಧರ್ಮ. ದುರ್ಗುಣವೆಂದು ದೂರುವುದು ಸಲ್ಲದು. ಹೆಣ್ಣಿನೊಡನೆ ಬಿಟ್ಟರೆ ಸುಮಾರು 31 ದಿನಗಳಲ್ಲಿ ಮರಿಗಳು. ಈದ ತಾಯಿ ಕೂಡಲೇ ಮತ್ತೆ ಗರ್ಭ ಧರಿಸಬಲ್ಲದು. ಆ ಮರಿಗಳ ಗತಿಯೇನು?

"ಜೀವಿಯ ಪ್ರಕೃತಿಯನ್ನು ಕಸಿಯಲು ನಮಗಾವ ಅಧಿಕಾರ?" ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ನೆಲ ತೋಡುವ, ನೆಗೆದೋಡುವ ಜೀವಿಯನ್ನು ಗೂಡಿನಲ್ಲಿಟ್ಟ ದಿನವೇ ನಾವು ಅದರ ಪ್ರಕೃತಿಯನ್ನು ಕಸಿದಾಗಿದೆ. ಶಸ್ತ್ರಕ್ರಿಯೆ ಎರಡನೆಯ ಹೆಜ್ಜೆ. ಆದ್ದರಿಂದ ಕೇಳಿಕೊಳ್ಳಬೇಕಾದುದು ಇಷ್ಟು: ಇದರಿಂದ ಅದರ ಬಾಳು ಹಿಗ್ಗುವುದೋ, ನಮ್ಮ ಅನುಕೂಲ ಮಾತ್ರವೋ? ಬೀಜ ತೆಗೆಸಿದ ಮೇಲೆ ಗೂಡಿನ ಬಾಗಿಲು ತೆರೆದು, ಜೊತೆಗೊಂದು ಸಂಗಾತಿಯನ್ನು ಕೊಟ್ಟರೆ ಅದು ದಯೆ. ಗಲಾಟೆ ಅಡಗಿತೆಂದು ಅದೇ ಗೂಡಿನಲ್ಲಿ ಮರೆತುಬಿಟ್ಟರೆ ಸ್ವಾರ್ಥ.

ದಯೆಗೆ ತಿಳಿವಳಿಕೆಯೂ ಬೇಕು. ಮೊಲದ ಚಿಕಿತ್ಸೆ ಬಲ್ಲ ಪಶುವೈದ್ಯರಿಂದ, ಅರಿವಳಿಕೆ ಕೊಡಿಸಿಯೇ ಮಾಡಿಸಬೇಕು. ಮೊಲ ವಾಂತಿ ಮಾಡಲಾರದು. ಆದಕಾರಣ ನಾಯಿ ಬೆಕ್ಕುಗಳಂತೆ ಅದನ್ನು ಮೊದಲೇ ಉಪವಾಸವಿಡುವ ಅಗತ್ಯವಿಲ್ಲ. ಬಳಿಕ ಅದು ಬೇಗ ಮೇಯತೊಡಗದಿದ್ದರೆ ಕರುಳಿನ ಚಲನೆ ನಿಂತು ಪ್ರಾಣಕ್ಕೇ ಸಂಚಕಾರ. ಉಳಿದ ವೀರ್ಯದಿಂದ ಗರ್ಭ ನಿಲ್ಲಬಹುದಾದ್ದರಿಂದ ಕೆಲವು ವಾರ ಹೆಣ್ಣಿನಿಂದ ದೂರವಿಡಬೇಕು. ಸ್ವಭಾವವೂ ನಿಧಾನವಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ತಾಳ್ಮೆ ನಮ್ಮದಾಗಬೇಕು.

ಇಷ್ಟು ಹೊಣೆ ಹೊರಲಾರದವರು ಮರಿಯನ್ನು ಮನೆಗೆ ತಾರದಿರುವುದೇ ಲೇಸು. ಮೂಕಜೀವಿ ಒಪ್ಪಿಗೆ ಕೊಡಲಾರದು. ಅದರ ಪರವಾಗಿ ಒಪ್ಪುವವರು ನೀವೇ. ಆ ಒಪ್ಪಿಗೆಯನ್ನು ನಿಮ್ಮ ಸುಖಕ್ಕೆ ಮಾರಿಕೊಳ್ಳಬೇಡಿ.