ಪ್ರಯೋಜನದ ಲೆಕ್ಕಕ್ಕೆ ಸಿಗದ ಬೆಲೆ

‘ಇದರಿಂದ ಏನು ಪ್ರಯೋಜನ?’ ಯಾವ ಸಂಶೋಧನೆಯ ಸುದ್ದಿ ಬಂದರೂ ಮೊದಲು ಏಳುವ ಪ್ರಶ್ನೆ ಇದು. ತತ್ತ್ವಶಾಸ್ತ್ರ ಇಲ್ಲಿ ಎರಡು ಬಗೆಯ ಮೌಲ್ಯಗಳನ್ನು ಗುರುತಿಸುತ್ತದೆ. ಬೇರೊಂದನ್ನು ಪಡೆಯಲು ನೆರವಾಗುವುದಕ್ಕೆ ಇರುವುದು ಸಾಧನ ಮೌಲ್ಯ, ದುಡ್ಡಿನದು ಇಂಥದ್ದು. ತನಗಾಗಿಯೇ ಬೇಕೆನಿಸುವುದಕ್ಕೆ ಇರುವುದು ಅಂತರ್ಗತ ಮೌಲ್ಯ. ಸಂತೋಷ ಯಾತಕ್ಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ಹಾಗಾದರೆ ಅರಿವು ಯಾವ ಸಾಲಿಗೆ ಸೇರುತ್ತದೆ?

1961ರ ಬೇಸಿಗೆಯಲ್ಲಿ ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ ಅಮೆರಿಕದ ಫ್ರೈಡೇ ಹಾರ್ಬರ್‌ನಲ್ಲಿ ಒಂದು ಜೆಲ್ಲಿ ಮೀನಿನ ಬೆನ್ನು ಹತ್ತಿದ್ದರು. ಮಿದುಳಿಲ್ಲ, ಮೂಳೆಯಿಲ್ಲ, ಕೊಡೆಯಂಥ ಮೈಯ ಅಂಚಿನಲ್ಲಷ್ಟೇ ಬೆಳಕು. ಆ ಬೆಳಕು ಎಲ್ಲಿಂದ ಬರುತ್ತದೆ ಎಂಬುದೊಂದೇ ಅವರ ಪ್ರಶ್ನೆ. ಅಂಚನ್ನು ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆದರು. ಒಮ್ಮೆ ಆ ರಸವನ್ನು ಸಿಂಕಿಗೆ ಚೆಲ್ಲಿದಾಗ ಒಳಗೆ ನೀಲಿ ಬೆಳಕು ಝಗ್ಗನೆ ಹೊಳೆಯಿತು. ಅಕ್ವೇರಿಯಂನಿಂದ ಉಕ್ಕಿ ಸಿಂಕಿಗೆ ಹರಿಯುತ್ತಿದ್ದ ಸಮುದ್ರದ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ಬೆಳಗಿಸಿತ್ತು. ಆ ಜಾಡು ಹಿಡಿದು ಈಕ್ವೊರಿನ್ ಎಂಬ ಪ್ರೋಟೀನನ್ನು ಬೇರ್ಪಡಿಸುವಾಗ, ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನೂ ಕೈಗೆ ಸಿಕ್ಕಿತು.

ಅದರ ಉಪಯೋಗವೇನೆಂದು ಆಗ ಕೇಳಿದ್ದರೆ ಉತ್ತರವಿರಲಿಲ್ಲ. ಮೂರು ದಶಕ ಕಳೆದು, 1992ರಲ್ಲಿ ಡಗ್ಲಸ್ ಪ್ರಾಶರ್ ಅದರ ಜೀನನ್ನು ಪ್ರತ್ಯೇಕಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಆ ಜೀನನ್ನು ಬ್ಯಾಕ್ಟೀರಿಯಾಕ್ಕೂ ಪುಟ್ಟ ಹುಳುವಿಗೂ ಸೇರಿಸಿ ಅವನ್ನು ಹಸಿರಾಗಿ ಬೆಳಗಿಸಿದರು. ರೋಜರ್ ಚೆನ್ ಇನ್ನಷ್ಟು ಬಣ್ಣ ಕೂಡಿಸಿದರು. ಜೀವಂತ ಕೋಶದಲ್ಲಿ ಯಾವ ಪ್ರೋಟೀನ್ ಎಲ್ಲಿದೆ, ಕ್ಯಾನ್ಸರ್ ಕೋಶ ಹೇಗೆ ಹರಡುತ್ತದೆ ಎಂಬುದನ್ನು ಪ್ರಯೋಗಾಲಯಗಳು ಇಂದು ಈ ಹೊಳಪಿನ ಗುರುತಿನಿಂದಲೇ ಪತ್ತೆಹಚ್ಚುತ್ತವೆ. 2008ರ ರಸಾಯನಶಾಸ್ತ್ರ ನೊಬೆಲ್ ಶಿಮೊಮುರಾ, ಚಾಲ್ಫಿ ಮತ್ತು ಚೆನ್ ಅವರಿಗೆ ಸಂದಿತು.

‘ಕೊನೆಗೂ ಉಪಯೋಗಕ್ಕೆ ಬಂತಲ್ಲ’ ಎಂದು ಕುತೂಹಲದ ಪರ ವಾದಿಸುವುದು ಸುಲಭ. ಆದರೆ ಆ ವಾದ ಅರಿವನ್ನು ಮತ್ತೆ ಬರೀ ಸಾಧನವಾಗಿಸುತ್ತದೆ. ಉಪಯೋಗ ಸಿಗದೇ ಹೋಗಿದ್ದರೆ ಶಿಮೊಮುರಾ ಅವರ ದುಡಿಮೆ ವ್ಯರ್ಥವಾಗುತ್ತಿತ್ತೇ? ಖಂಡಿತ ಇಲ್ಲ. ಜೀವಿಯೊಂದು ಬೆಳಗುವ ಒಳಗುಟ್ಟು ತಿಳಿದಾಗಲೇ ಲೋಕ ನಮಗೆ ಇನ್ನಷ್ಟು ಅರ್ಥವಾಗಿತ್ತು. ಅರ್ಥವಾಗುವುದೇ ಒಂದು ಫಲ. ಅರಿವಿನಲ್ಲಿ ಎರಡೂ ಮೌಲ್ಯಗಳು ಇರಬಲ್ಲವು. ಒಂದು ಇನ್ನೊಂದನ್ನು ಅವಲಂಬಿಸಬೇಕಿಲ್ಲ.

ಮನೆಯ ಮಗು ‘ಇದು ಯಾಕೆ ಹೀಗೆ?’ ಎಂದು ಕೇಳಿದಾಗ, ಅದು ಪರೀಕ್ಷೆಗೆ ಬರುತ್ತದೆಯೇ ಎಂದು ಅಳೆಯಬೇಡಿ. ಜೊತೆಗೆ ಕೂತು ಉತ್ತರ ಹುಡುಕಿ.