ಮದ್ದು ಎಂಬ ಮಾತು

ನಮ್ಮ ಕಡೆಯ ಕನ್ನಡದಲ್ಲಿ ಕಾಯಿಲೆಗೆ ತೆಗೆದುಕೊಳ್ಳುವುದೂ ಮದ್ದು, ತೋಟಕ್ಕೆ ಬಿಡುವುದೂ ಮದ್ದು; ಕೋವಿಗೆ ತುಂಬುವುದೂ ಮದ್ದೇ. ಗುಣಪಡಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಶಬ್ದವಿಟ್ಟ ಹಿರಿಯರ ಶಬ್ದದಾರಿದ್ರ್ಯದ ಬಗ್ಗೆ ತರಗತಿಯಲ್ಲಿ ನಾನು ನಗೆಯಾಡಿದ್ದುಂಟು. ಈಗ ಆ ನಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ತಂದೆಯವರು ತೀರಿಕೊಂಡ ಮೇಲೆ ಎರಡು ಸಂಗತಿಗಳು ನನ್ನ ಪಾಲಿಗೆ ಬಂದವು: ಬಂಟ್ವಾಳದ ಸಮೀಪದ ಒಂದೆಕರೆ ಗೇರುಗುಡ್ಡೆ, ಮತ್ತು ನಿದ್ದೆಯಿಲ್ಲದ ರಾತ್ರಿಗಳು. ಎರಡನೆಯದಕ್ಕಾಗಿ ವೈದ್ಯರಲ್ಲಿಗೆ ಹೋದೆ. ಅವರು ಮಾತ್ರೆ ಬರೆಯುವ ಮೊದಲು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಎರಡು ವಾರ ಮಾತ್ರ ಎಂದು ಕಟ್ಟುನಿಟ್ಟು ಮಾಡಿದರು. "ಮನಸ್ಸಿಗೆಂದು ಕೊಟ್ಟ ಮದ್ದು ಮನಸ್ಸಿನಲ್ಲೇ ನಿಲ್ಲುತ್ತದೆಂದು ತಿಳಿಯಬೇಡಿ, ಮಾಷ್ಟ್ರೇ" ಎಂದರು. ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ನಿನ ಕಥೆಯನ್ನು ಅವರಿಂದಲೇ ಕೇಳಿದೆ. ಅದು ಉದ್ವೇಗವನ್ನು ಇಳಿಸುತ್ತಿತ್ತು, ನಿಜ. ಆದರೆ ಮೆದುಳಿನ ಡೋಪಮೈನನ್ನು ಕುಂದಿಸುತ್ತಿದ್ದುದರಿಂದ, ಅದರ ಹತೋಟಿಯಲ್ಲಿದ್ದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ, ಹೆರದ ಹೆಂಗಸಿನ ಎದೆಯಲ್ಲಿ ಹಾಲು ಕಾಣಿಸಿಕೊಳ್ಳುವುದೂ ಇತ್ತು.

ಆ ಚಳಿಗಾಲದಲ್ಲೇ ಗೇರುಮರಗಳ ಚಿಗುರು, ಹೂಗೊಂಚಲು ಸುಟ್ಟಂತೆ ಒಣಗತೊಡಗಿದವು. ರಸ ಹೀರುವ ಟೀ ಸೊಳ್ಳೆಯ ಕೆಲಸ ಅದು. "ಒಂದು ಸಲ ಮದ್ದು ಬಿಡಿಸು, ನೆಮ್ಮದಿಯಾಗಿರು" ಎಂದರು ಭಾವನವರು. ನೆಮ್ಮದಿಯ ಮಾತು ಕೇಳಿದಾಗ ನನಗೆ ಪಡ್ರೆಯ ನೆನಪಾಯಿತು.

ಪಡ್ರೆ ಕಾಸರಗೋಡಿನ ಎಣ್ಮಕಜೆಯ ಒಂದು ಕನ್ನಡ ಊರು. ಸುತ್ತಲಿನ ಸರಕಾರಿ ಗೇರುತೋಟಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಇದೇ ಟೀ ಸೊಳ್ಳೆಯನ್ನು ಅಡಗಿಸುವುದಕ್ಕೆ. ಅಲ್ಲಿನ ವೈದ್ಯ ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಊರಿನ ಕಾಯಿಲೆಗಳನ್ನು ಲೋಕದ ಗಮನಕ್ಕೆ ತಂದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆಯ ಶಾಲಾಬಾಲಕರನ್ನು ಪರೀಕ್ಷಿಸಿ, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ, ಹಾರ್ಮೋನಿನ ಲೆಕ್ಕವೂ ತಪ್ಪಿದೆ ಎಂದು 2003ರಲ್ಲಿ ಪ್ರಕಟಿಸಿದರು. ಬೆಳ್ತಂಗಡಿಯ ಕೊಕ್ಕಡದಲ್ಲಿಯೂ ಇಂಥ ನೋವಿನ ಮನೆಗಳಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ನಿಲ್ಲಿಸಿತು. ತಾಯಂದಿರ ಕೆಲಸ ನಿಲ್ಲಲಿಲ್ಲ.

ಓದುತ್ತ ಹೋದಂತೆ ಇನ್ನೊಂದು ಸಂಗತಿ ತಿಳಿಯಿತು. ನಿದ್ದೆಯ ಮಾತ್ರೆಗಳು ಬಹುಮಟ್ಟಿಗೆ ಮೆದುಳಿನಲ್ಲಿ 'ಗಾಬಾ' ಎಂಬ ರಾಸಾಯನಿಕಕ್ಕೆ ತೆರೆಯುವ ಬಾಗಿಲನ್ನು ಇನ್ನಷ್ಟು ತೆರೆದು ನರಗಳನ್ನು ಶಾಂತಗೊಳಿಸುತ್ತವೆ. ಎಂಡೋಸಲ್ಫಾನ್ ಅದೇ ಜಾತಿಯ ಬಾಗಿಲನ್ನು ಮುಚ್ಚಿ, ಕೀಟದ ನರಗಳನ್ನು ಹುಚ್ಚೆಬ್ಬಿಸಿ ಕೊಲ್ಲುತ್ತದೆ. ಹಿರಿಯರಿಗೆ ಈ ಶಾಸ್ತ್ರ ತಿಳಿದಿರಲಿಲ್ಲ. ಆದರೂ ಅವರ ಒಂದೇ ಶಬ್ದ ಅಷ್ಟೇನೂ ಬಡವಾಗಿರಲಿಲ್ಲವೆಂದು ತೋರಿತು.

ಹಾಗಾದರೆ ಎರಡೂ ಒಂದೆಯೆ? ಅಲ್ಲ. ವೈದ್ಯರು ನನ್ನನ್ನು ಕೇಳಿ ಕೊಟ್ಟರು; ಅದರ ಒಳಿತು ಕೆಡುಕು ನನ್ನ ಮೈಯಲ್ಲೇ ಮುಗಿಯುವಂಥದು. ಪಡ್ರೆಯ ಹುಡುಗನನ್ನು ಕೇಳಿದವರು ಯಾರು? ಮದ್ದಿಗೂ ವಿಷಕ್ಕೂ ಇರುವ ಅಂತರ ಪ್ರಮಾಣದ್ದೆಂದು ನಾವು ಹೇಳುತ್ತೇವೆ. ಪ್ರಮಾಣದಷ್ಟೇ ಅದು ಒಪ್ಪಿಗೆಯದೂ ಹೌದು. ನನ್ನ ನೆಮ್ಮದಿಯ ಬೆಲೆಯನ್ನು ನಾನೇ ತೆರುತ್ತೇನೆಯೆ, ಅಥವಾ ಗೊತ್ತಿಲ್ಲದವರ ಹೆಸರಿಗೆ ಬರೆದಿಡುತ್ತೇನೆಯೆ ಎಂಬುದೇ ಪ್ರಶ್ನೆ.

ನಾನು ಮದ್ದು ಬಿಡಿಸಲಿಲ್ಲ. ಗುಡ್ಡೆಯ ಐದಾರು ಮರಗಳಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟಿದ ಚಗಳಿ ಇರುವೆಗಳಿದ್ದವು. ಅವು ಟೀ ಸೊಳ್ಳೆಯನ್ನು ಬೇಟೆಯಾಡುತ್ತವೆ. ಚೀನದ ರೈತರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಿತ್ತಳೆ ಜಾತಿಯ ತೋಟಗಳಲ್ಲಿ ಇಂಥ ಇರುವೆಗಳನ್ನು ಕಾವಲಿಗಿಟ್ಟಿದ್ದರು. ಆ ಮರಗಳ ಹೂವು ಬಹುಮಟ್ಟಿಗೆ ಉಳಿಯಿತು. ಪ್ರಕೃತಿಯ ಪಕ್ಷ ವಹಿಸಿದವನ ಹೆಮ್ಮೆಯಿಂದ ನಾನು ಬೀಗಿದೆ.

ಮಾರ್ಚಿಯಲ್ಲಿ ಬೀಜ ಹೆಕ್ಕಲು ಬಂದ ಅಕ್ಕ ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿದರು: "ಇರುವೆ ಒಳ್ಳೆಯದು ಅಂತ ಹೇಳ್ತೀರಲ್ಲ ಮಾಷ್ಟ್ರೇ, ಕಚ್ಚುವುದು ನಮಗಲ್ವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮುಂಗೈ, ಹಿಮ್ಮಡಿ ಕೆಂಪಾಗಿ ಬಾತಿದ್ದವು. ವಿಷವನ್ನು ಬೇಡವೆಂದವನೂ ನಾನೇ, ಅದರ ಪುಣ್ಯವನ್ನು ಎಣಿಸಿಕೊಂಡವನೂ ನಾನೇ. ಕಚ್ಚಿಸಿಕೊಂಡವರು ಮಾತ್ರ ಬೇರೆ. ಇವರನ್ನೂ ನಾನು ಕೇಳಿರಲಿಲ್ಲ. ಪಡ್ರೆಯ ನೋವಿನ ಪಕ್ಕದಲ್ಲಿ ಇದು ಏನೂ ಅಲ್ಲ. ಆದರೆ ತಪ್ಪಿನ ಜಾತಿ ಅದೇ.

"ಏನು ಮಾಡೋಣ ಹೇಳಿ ಅಕ್ಕ" ಎಂದೆ. ಅವರು ಬಹಳ ಯೋಚಿಸಲಿಲ್ಲ. "ಗೂಡಿದ್ದ ಮರದ ಅಡಿಯದ್ದು ನೀವೇ ಹೆಕ್ಕಿ" ಎಂದರು.

ಅಂದಿನಿಂದ ಆದಿತ್ಯವಾರಗಳಲ್ಲಿ ಕಾಲಿಗೆ ಬೂದಿ ಬಳಿದುಕೊಂಡು, ಬುಟ್ಟಿ ಹಿಡಿದು ಹೋಗುತ್ತಿದ್ದೇನೆ. ಮೊದಲ ದಿನ ಏಳು ಕಡೆ ಕಚ್ಚಿದವು. ಆ ರಾತ್ರಿ ಉರಿಯಿಂದಾಗಿ ನಿದ್ದೆ ತಡವಾಗಿ ಬಂತು. ಉಳಿದಿದ್ದ ಮಾತ್ರೆಯನ್ನು ಮಾತ್ರ ಮುಟ್ಟಲಿಲ್ಲ.